ಸಾಮಾನ್ಯ ಬಳಕೆ

ಕೈಪಿಡಿಯ ಹನ್ನೊಂದನೇ ಪುಟದಲ್ಲಿದೆ:
ಸಾಮಾನ್ಯ ಬಳಕೆಯಲ್ಲಿ ಕ್ಯಾಮೆರಾ ಬೆಚ್ಚಗಾಗುವುದು ಸಹಜ,
ದೋಷವಲ್ಲ.
ಬರೆದವನು ಯಾರೋ ಪಾಪ, ಒಳ್ಳೆಯವನೇ ಇರಬೇಕು.
ಕಾಖೇತಿಯ ಮದುವೆಗೆ ಬಂದವನಂತೂ ಅಲ್ಲ.

ಇಲ್ಲಿ ಸೆಪ್ಟೆಂಬರ್. ತಗಡಿನ ಚಪ್ಪರ. ಮುನ್ನೂರು ಜನ.
ದ್ರಾಕ್ಷಿ ಹಿಂಡಿದ ಕೈಯಲ್ಲೇ ಬಂದು ಕೂತಿದ್ದಾರೆ,
ಉಗುರಿನ ಸಂದಿ ಇನ್ನೂ ನೇರಳೆ.
ಬೆಂಕಿಯ ಮೇಲೆ ಮಾಂಸ, ಮೇಜಿನ ಮೇಲೆ ಮಾಂಸ,
ಮೇಜಿನ ತಲೆಗೆ ತಮಾದಾ ಅಂಬ್ರೋಸಿ, ಪಾನದ ಯಜಮಾನ,
ಲೋಟ ಎತ್ತಿದನೆಂದರೆ ಇಳಿಸುವವನಲ್ಲ:
ದೇವರಿಗೊಂದು ಮಾತು, ನೆಲಕ್ಕೊಂದು, ಹುಟ್ಟಲಿರುವವರಿಗೊಂದು,
ಸತ್ತವರಿಗೆ, ಸತ್ತವರು ನೆಟ್ಟ ಅಕ್ರೋಟು ಮರಕ್ಕೆ,
ಆ ಮರ ಕಡಿಯದೆ ಬಿಟ್ಟ ನೆರೆಯವನಿಗೆ.
ಒಂದೊಂದೂ ಇಪ್ಪತ್ತು ನಿಮಿಷ.
ನಡುವೆ ಅವರು ಕುಡಿಯುವಂತಿಲ್ಲ,
ನಾನು ನಿಲ್ಲಿಸುವಂತಿಲ್ಲ.

ಮೊದಲು ಅಂಗೈಗೆ ತಿಳಿಯುತ್ತದೆ.
ಆಗತಾನೆ ಇಟ್ಟ ಮೊಟ್ಟೆಯಷ್ಟು ಬಿಸಿ.
ಆಮೇಲೆ ಹೊದ್ದು ಮಲಗಿದ ಮಗುವಿನ ಹಣೆಯಷ್ಟು,
ಜ್ವರ ಎನ್ನಲಾಗದು, ಅಲ್ಲ ಎನ್ನಲೂ ಆಗದು.
ಆಮೇಲೆ ಮೂಲೆಯಲ್ಲಿ ಹಳದಿ ಗುರುತು, ಮಿಣಮಿಣ.
ಪರದೆಯನ್ನು ಬೆನ್ನಿನಿಂದ ಬಿಡಿಸುತ್ತೇನೆ, ಗಾಳಿಯಾಡಲಿ ಎಂದು.
ಬ್ಯಾಟರಿ ಬದಲಿಸುತ್ತೇನೆ.
ಮದುಮಗನ ಚಿಕ್ಕಪ್ಪ ಮುಟ್ಟದೆ ಬಿಟ್ಟ ಕಲ್ಲಂಗಡಿಗೆ
ಬಟ್ಟೆ ಸುತ್ತಿ ಒರಗಿಸುತ್ತೇನೆ.
ನಗಬೇಡಿ, ಹದಿನಾಲ್ಕು ವರ್ಷದ ಅನುಭವ.
ಸೆಕೆಂಡಿಗೆ ಐವತ್ತು ಸಲ ನೋಡುವುದು,
ನೋಡಿದ್ದನ್ನು ಮಡಚಿ ಮಡಚಿ ಕಾರ್ಡಿನೊಳಗೆ ತುರುಕುವುದು,
ನಾವಾಗಿದ್ದರೆ ಸೂಪು ಬರುವ ಮೊದಲೇ ಬೂದಿ.

ಪೆಪೆಲಾ ಅಜ್ಜಿ, ಮದುಮಗಳು ತೇಕ್ಲೆಯ ತಾಯಿಯ ತಾಯಿ,
ಬೆಳಗಿನಿಂದ ನನ್ನ ಕಂಡರೆ ಮುಖ ತಿರುವುತ್ತಿದ್ದವಳು,
ಸತ್ತವರ ಮಾತು ಮುಗಿದು ಕುಣಿತ ಶುರುವಾಗುವ ಸಂದಿನಲ್ಲಿ
ನೇರ ಬಂದು ಲೆನ್ಸಿನೆದುರು ನಿಂತಳು.
ತಲೆವಸ್ತ್ರ ಸರಿಮಾಡಿಕೊಂಡಳು.
‘ಇದಕ್ಕೆ ಹೇಳಿದರೆ ಬೊಲೋನ್ಯಾಕ್ಕೆ ಮುಟ್ಟುತ್ತದೇನಪ್ಪಾ?’
ಮುಟ್ಟುತ್ತದಜ್ಜಿ, ಎಂದೆ.
ಎನ್ನುವಷ್ಟರಲ್ಲಿ ಪರದೆ ಕಪ್ಪಾಯಿತು.

ಬೊಲೋನ್ಯಾದಲ್ಲಿ ದರೆಜಾನ್ ಇದ್ದಾಳೆ, ಏಳು ವರ್ಷದಿಂದ,
ಯಾರದೋ ಮನೆಯ ಮುದುಕಿಯನ್ನು ನೋಡಿಕೊಂಡು.
ಕಾಗದಪತ್ರ ಸರಿಯಿಲ್ಲ. ಮಗಳ ಮದುವೆಗೆಂದು ಹೊರಟು ಬಂದರೆ
ಮತ್ತೆ ಒಳಗೆ ಬಿಡುವುದಿಲ್ಲ.

ಹೇಳಬೇಕಿತ್ತು ನಾನು. ಹೇಳಲಿಲ್ಲ.
ಸತ್ತ ಕ್ಯಾಮೆರಾ ಕೆನ್ನೆಗೊತ್ತಿ, ಒಂದು ಕಣ್ಣು ಮುಚ್ಚಿ ನಿಂತೆ.
ಕೆನ್ನೆ ಸುಡುತ್ತಿತ್ತು.

‘ದರೆಜಾನ್, ಕಿವಿ ಮುರಿದ ಆ ದೊಡ್ಡ ಪಾತ್ರೆ
ಪಕ್ಕದವರಿಗೆ ಕೊಟ್ಟುಬಿಟ್ಟೆ, ಬಯ್ಯಬೇಡ.
ನಿನ್ನ ಬಿಳಿ ಚಪ್ಪಲಿ ಹುಡುಗಿಗೆ ಬಿಗಿ. ಆದರೂ ಮೆಟ್ಟಿದ್ದಾಳೆ.
ತೋರಿಸಪ್ಪಾ, ಅವಳ ಹಿಮ್ಮಡಿ ತೋರಿಸು.’
(ತಿರುಗಿಸಿದೆ. ಕಪ್ಪು ಗಾಜಿನಲ್ಲಿ ನನ್ನದೇ ಮೂಗು.)
ಇಲ್ಲಿ ಸ್ವಲ್ಪ ಕೆಮ್ಮಿದಳು.
‘ಅಲ್ಲಿ ನೀನು ತಲೆ ಬಾಚುವ ಆ ಮುದುಕಿ,
ಅವಳ ಕೂದಲು ಸಿಕ್ಕಾದರೆ ತುದಿಯಿಂದ ಬಿಡಿಸು, ಬುಡದಿಂದಲ್ಲ.
ನಿನಗೆ ನಾನು ಬುಡದಿಂದಲೇ ಎಳೆದೆ. ಕೆಲಸದ ಆತುರ,
ಗೊತ್ತಿರಲಿಲ್ಲ.
ಅಷ್ಟೇ. ಇನ್ನು ಆರಿಸಪ್ಪಾ ಅದನ್ನ.’

ಆರಿಸುವವನ ಹಾಗೆ ಗುಂಡಿ ಒತ್ತಿದೆ.

ನಾಲ್ಕನೇ ವಾರ ಫೋನು ಬಂತು.
‘ವಿಡಿಯೋ ಚೆನ್ನಾಗಿದೆ ಮಲ್ಖಾಜ್, ನಿನ್ನ ಕೈ ತಣ್ಣಗಿರಲಿ.
ಆದರೆ ಸತ್ತವರಾದ ಮೇಲೆ ಒಮ್ಮೆಲೇ ಕುಣಿತ.
ನಡುವೆ ನಾನು ಮಾತಾಡಿದೆ ಅಂತಾಳಲ್ಲ ಅಮ್ಮ?’

ತಾಂತ್ರಿಕ ಕಾರಣ, ಎಂದು ನಾಲಿಗೆಯ ತುದಿಗೆ ಬಂತು.
ಅಂಗಡಿಯ ಬಾಗಿಲು ಮುಂದೆ ಮಾಡಿದೆ. ಪಾತ್ರೆಯಿಂದ ಶುರುಮಾಡಿದೆ.
ಚಪ್ಪಲಿಗೆ ಬಂದಾಗ ಅವಳು ನಕ್ಕಳು.
ಕೂದಲಿಗೆ ಬಂದಾಗ
ಆ ಕಡೆ ಹರಿಯುತ್ತಿದ್ದ ನಲ್ಲಿಯ ಸದ್ದು ನಿಂತಿತು.
‘ಇನ್ನೊಮ್ಮೆ ಹೇಳು.’
ಹೇಳಿದೆ. ಕೆಮ್ಮು ಬಂದ ಕಡೆ ಕೆಮ್ಮಿದೆ ಕೂಡ.
‘ಇನ್ನೊಮ್ಮೆ.’
ಒತ್ತಿ ಹಿಡಿದ ಫೋನು ಬಿಸಿಯಾಗುತ್ತ ಬಂತು.
ಕಿವಿ ಬದಲಿಸಿದೆ.