ಹನ್ನೆರಡು ಡಾಲರ್

ಯಂಗ್ಸ್‌ಟೌನಿನಲ್ಲಿ, ಅಗ್ನಿಶಾಮಕ ಠಾಣೆಯ ಹಿಂದಿನ ಹಾಲಿನಲ್ಲಿ
ತಿಂಗಳ ಎರಡನೆಯ ಶನಿವಾರ ನನ್ನ ಮೇಜು.
ಒಂದು ದೀಪ, ಒಂದು ಭೂತಗನ್ನಡಿ, ಬಿಳಿ ಹತ್ತಿಬಟ್ಟೆ.
ಒಂದು ವಸ್ತು ನೋಡಲು ಐದು ಡಾಲರ್.
ಬೆಲೆ ಕಟ್ಟುತ್ತೇನೆ, ಕೊಳ್ಳುವುದಿಲ್ಲ.
ಎರಡನ್ನೂ ಮಾಡುವವನನ್ನು ನಂಬಬೇಡಿ.

ಗ್ಲೌಸು ಬಂದರೆ ಮೊದಲು ಮೂಸುತ್ತೇನೆ.
ನಗುತ್ತಾರೆ. ನಗಲಿ.
ನೆಲಮಾಳಿಗೆಯ ಬೂಷ್ಟು ಬೇರೆ, ಅಟ್ಟದ ಒಣ ಧೂಳು ಬೇರೆ,
ಹೋದ ವಾರ ಎಣ್ಣೆ ತಿಕ್ಕಿ ಹಳತು ಮಾಡಿದ ಚರ್ಮವೋ
ಮದುವೆಗೆ ಕರೆಯದೆ ಬಂದವನ ಸೆಂಟಿನ ಹಾಗೆ,
ಬಾಗಿಲಲ್ಲೇ ಗೊತ್ತಾಗುತ್ತದೆ.
ಆಮೇಲೆ ಮಣಿಕಟ್ಟಿನ ಗುಂಡಿ,
ಹೆಬ್ಬೆರಳಿಗೂ ತೋರುಬೆರಳಿಗೂ ನಡುವಿನ ಜಾಳಿಗೆ,
ಒಳಗೆ ಅಚ್ಚೊತ್ತಿದ ಆಟಗಾರನ ಸಹಿ ಎಷ್ಟು ಉಳಿದಿದೆ ಎಂದು.
ಅಂಗೈ ಹುಣ್ಣಿಗೆ ಕನ್ನಡಿ ಬೇಡವಂತೆ;
ಅಂಗೈ ಚರ್ಮದ ಸುಳ್ಳಿಗೆ ಬೇಕು, ಹತ್ತು ಪಟ್ಟು ಹಿಗ್ಗಿಸುವಂಥದ್ದು.

ಆಡದೆ ಇಟ್ಟದ್ದಕ್ಕೆ ಹೆಚ್ಚು, ಆಡಿದ್ದಕ್ಕೆ ಕಡಿಮೆ.
ಹುಡುಗನೊಬ್ಬ ಶಾಯಿಯಲ್ಲಿ ಹೆಸರು ಬರೆದಿದ್ದರೆ ಅರ್ಧ ಹೋಯಿತು.
ಈ ಕಾನೂನು ನಾನು ಮಾಡಿದ್ದಲ್ಲ.
ಅಂಗಡಿಯ ಡಬ್ಬಿಯಿಂದ ಹೊರಗೇ ಬರದ ಗ್ಲೌಸಿಗೆ
ಒಮ್ಮೆ ಮೂರು ಸಾವಿರ ಹೇಳಿದೆ.
ಜನ್ಮದಲ್ಲಿ ಒಂದು ಚೆಂಡು ಹಿಡಿಯದ್ದು.
ತಂದವನು ಅದನ್ನು ಹಸುಗೂಸಿನಂತೆ ಎತ್ತಿಕೊಂಡು ಹೋದ.

ಮಾರ್ಚಿಯಲ್ಲಿ ಬಂದಳು ಲುಡ್ಮಿಲಾ ಹ್ರಿಂಕೊ.
ಎಪ್ಪತ್ತರ ಆಸುಪಾಸು, ಬಸ್ ಚಾಲಕರ ಹಳೆಯ ಜಾಕೆಟ್ಟು.
ಬ್ರೆಡ್ಡಿನ ಪ್ಲಾಸ್ಟಿಕ್ ಚೀಲದಿಂದ ತೆಗೆದಿಟ್ಟಳು:
ನಲವತ್ತರ ದಶಕದ ಕೊನೆ, ಎಡಗೈಯದು,
ತಯಾರಕರ ಬಟ್ಟೆಚೀಟಿಯ ಒಂದು ಎಳೆಯೂ ಬಿಚ್ಚಿಲ್ಲ.
"ಆರುನೂರು ಬಂದೀತು" ಎಂದೆ.
ಮುಖ ಅರಳಬೇಕಿತ್ತು. ಬಾಡಿತು.

ಮೂವರು ಮಕ್ಕಳಂತೆ. ಅಪ್ಪನ ಸಾಮಾನಿನ ಹಂಚಿಕೆ.
ಐವತ್ತು ಡಾಲರ್ ದಾಟಿದ್ದೆಲ್ಲ ಮಾರಿ ಮೂರು ಪಾಲು ಎಂದು
ಅಣ್ಣ ಮೆಥೋಡ್ ವಕೀಲರಿಂದ ಬರೆಸಿದ್ದಾನೆ.
"ಇನ್ನೊಮ್ಮೆ ನೋಡಿ" ಎಂದಳು.
ಮೂವತ್ತು ವರ್ಷದಲ್ಲಿ ಬೆಲೆ ಇಳಿಸಿ ಎಂದು
ನನ್ನನ್ನು ಕೇಳಿದವರು ಬೇರೆ ಯಾರೂ ಇಲ್ಲ.

ಕೈ ತೂರಿಸಿದೆ. ಪೂರ್ತಿ ಹೋಗಲಿಲ್ಲ.
ಹೆಬ್ಬೆರಳು ಹೋಯಿತು, ತೋರು, ನಡು, ಕಿರು.
ಉಂಗುರದ ಬೆರಳು ಮಾತ್ರ
ಅಗಳಿ ಹಾಕಿದ ಮನೆಯೆದುರಿನ ನೆಂಟನ ಹಾಗೆ ನಿಂತುಬಿಟ್ಟಿತು.
ಒಳಗಿನಿಂದ ಹೊಲಿದಿತ್ತು, ಬೂಟಿನ ಮೇಣದ ದಾರ,
ಹೊರಗೆ ಗುರುತೇ ಸಿಗದಷ್ಟು ಸಣ್ಣ ಹೊಲಿಗೆ.
ನನ್ನ ಕನ್ನಡಿಗೂ ಸಿಕ್ಕಿರಲಿಲ್ಲ.

"ಉಕ್ಕಿನ ಕಾರ್ಖಾನೆ" ಎಂದಳು, "ರೋಲರಿಗೆ ಉಂಗುರ ಸಿಕ್ಕಿಕೊಂಡಿತು.
ಉಂಗುರ ಲಕೋಟೆಯಲ್ಲಿ ಮನೆಗೆ ಬಂತು. ಬೆರಳು ಬರಲಿಲ್ಲ.
ಚೆಂಡು ಬಡಿದಾಗೆಲ್ಲ ಗ್ಲೌಸಿನ ಖಾಲಿ ಬೆರಳು ಮಡಚಿಕೊಳ್ಳುತ್ತಿತ್ತಂತೆ.
ಅಮ್ಮ ತನ್ನ ಸ್ವೆಟರಿನ ತೋಳು ಬಿಚ್ಚಿ, ಉಣ್ಣೆ ತುಂಬಿ ಹೊಲಿದಳು.
ಆ ಬೇಸಿಗೆಯಲ್ಲೇ ಅಪ್ಪ ಮತ್ತೆ ಎರಡನೇ ಬೇಸಿನಲ್ಲಿ ನಿಂತ."
ಸ್ವಲ್ಪ ಹೊತ್ತು ಬಿಟ್ಟು:
"ಉಂಗುರ ಮೆಥೋಡನ ಹತ್ತಿರ ಇದೆ. ಚಿನ್ನ ನೋಡಿ."

ಜಗತ್ತಿನಲ್ಲಿ ಒಂದೇ ಕೈಗೆ ಹೊಂದುವ ಗ್ಲೌಸು.
ಆ ಕೈಯನ್ನು ಜನವರಿಯಲ್ಲಿ
ಹೆಪ್ಪುಗಟ್ಟಿದ ಮಣ್ಣು ಅಗೆದು ಇಟ್ಟು ಬಂದಿದ್ದರು.

ಬರೆದೆ: ಮೂಲ ರೂಪ ಉಳಿದಿಲ್ಲ. ಮನೆಯಲ್ಲಿ ದುರಸ್ತಿ.
ತೊಡಲು ಬಾರದು. ಹನ್ನೆರಡು ಡಾಲರ್. ಕೆಳಗೆ ಸಹಿ.
ಅಕ್ಷರಗಳೆಲ್ಲ ನಿಜ.
ಅಂಕಿ ಎಂಬತ್ತು ಇರಬೇಕಿತ್ತೇನೋ.
ಅವಳು ಎರಡು ಸಲ ಓದಿ, ಮಡಿಸಿ, ಒಳಜೇಬಿಗೆ ಹಾಕಿ,
ಐದು ಡಾಲರನ್ನು ಚಿಲ್ಲರೆಯಲ್ಲೇ ಎಣಿಸಿಟ್ಟಳು.
ಬ್ರೆಡ್ಡಿನ ಚೀಲದ ಬಾಯಿಗೆ ಗಂಟು.

ಮುಂದಿನವನ ಚೆಂಡಿನ ಮೇಲಿನ ಸಹಿ ರಬ್ಬರ್ ಮುದ್ರೆ.
ಹೇಳಿದೆ. ಜಗಳಕ್ಕೆ ಬಂದ.
ಚೆಂಡು ಹಿಂದಿರುಗಿಸುವಾಗ ನೋಡಿಕೊಂಡೆ:
ನನ್ನ ಎಡಗೈಯ ಉಂಗುರದ ಬೆರಳು
ಇನ್ನೂ ಮಡಚಿಯೇ ಇತ್ತು.