ತಿರುಗುವ ಕುರ್ಚಿ

ಟೀವಿ ಇರುವುದು ಗಿರಾಕಿಯ ಬೆನ್ನ ಹಿಂದೆ,
ಬೆಂಚಿನ ಮೇಲ್ಗಡೆ. ಹಾಗಾಗಿ ನನ್ನ ಅಂಗಡಿಯಲ್ಲಿ
ಎಲ್ಲರೂ ಎಲ್ಲವನ್ನೂ ಕನ್ನಡಿಯಲ್ಲೇ ನೋಡುವುದು.
ಓಟಗಾರರು ಟ್ರ್ಯಾಕಿನ ಮೇಲೆ ಎಡಕ್ಕೆ ತಿರುಗುತ್ತಾರೆ,
ಲೋಕದ ನಿಯಮ ಅದು.
ಸೀಗೆಹಟ್ಟಿಯ ಈ ಸೆಲೂನಿನಲ್ಲಿ ಮಾತ್ರ ಬಲಕ್ಕೆ.

ಓಂಕಾರನ ಮೇಲೆ ಮೂರು ಕಂತಿನ ಸಾಕ್ಷ್ಯಚಿತ್ರ ಬಂದಿದೆ.
ಶಿವಮೊಗ್ಗದ ಏಪ್ರಿಲ್ ಬಿಸಿಲು;
ಬೋಳಿಸಿಕೊಳ್ಳಬೇಕಿಲ್ಲದವರೂ ಬಂದು ಬೆಂಚು ಹಿಡಿದಿದ್ದಾರೆ.
ಪರದೆಯ ತುಂಬ ಕಾಡು, ಮಂಜು, ಎಲ್ಲಿಯದೋ ಗೂಬೆ.
"ಇದ್ಯಾವೂರು?" ಅಂದ ವೆಲ್ಡಿಂಗ್ ಇಮ್ತಿಯಾಜ್.
ನಡೆದದ್ದು ಸಿಮೆಂಟ್ ಗೋದಾಮಿನ ಹಿಂದೆ, ನಾಲೆಯ ಏರಿಯ ಮೇಲೆ,
ಮಟಮಟ ಮಧ್ಯಾಹ್ನ,
ನೆರಳಿಗೆ ಒಂದು ಜಾಲಿ ಗಿಡವೂ ಇಲ್ಲದ ಕಡೆ.

ಕಂಡಕ್ಟರ್ ರುದ್ರೇಶಿ ಲೆಕ್ಕ ಹಾಕುತ್ತಿದ್ದ:
"ನಾಲ್ಕು ವರ್ಷ ಅವನಿಗೆ ಟಿಕೆಟ್ ಹರೀಲಿಲ್ಲ ನಾನು,
ಊರಿಗೆ ಹೆಸರು ತರೋ ಹುಡುಗ ಅಂತ."
ಹಾಲೇಶಪ್ಪ ಮೇಷ್ಟ್ರು, ಅವನಿಗೆ ಮೊದಲ ಬೂಟು ಕೊಡಿಸಿದವರು,
"ಅದು ಸೂಜಿಯ ಕೆಲಸ ಅಲ್ಲ, ಸೊಕ್ಕಿನದು" ಎಂದು
ಎರಡು ಸಲ ಹೇಳಿ,
ಮೂರನೆಯದನ್ನು ಯಾರೂ ಕೇಳದೆ ಹೋದಾಗ
ಪೇಪರಿನ ಹಿಂದೆ ಸರಿದರು.

ನಟನೊಬ್ಬ ಓಂಕಾರನಾಗಿ ಓಡಿದ. ನಕ್ಕೆವು.
ನಮ್ಮವನು ಓಡುವಾಗ ಬಲಗೈ ಹೆಬ್ಬೆರಳನ್ನು
ಮುಷ್ಟಿಯೊಳಗೆ ಬಚ್ಚಿಡುತ್ತಿದ್ದ, ಯಾರೋ ಕಸಿಯುತ್ತಾರೆಂಬಂತೆ.
ನಕ್ಕ ಮೇಲೆ,
ನಮ್ಮವನು ಅಂದುಬಿಟ್ಟೆವಲ್ಲ ಎಂದು
ಒಬ್ಬರನ್ನೊಬ್ಬರು ಕನ್ನಡಿಯಲ್ಲಿ ನೋಡಿಕೊಂಡೆವು.

ಐಟಿಐ ಹುಡುಗ ಫೋನಿನಲ್ಲಿ ಹಿಂದಕ್ಕೆ ತಳ್ಳಿ ತಳ್ಳಿ
ಆ ಕೊನೆಯ ನೂರು ಮೀಟರನ್ನು ಮೂರು ಸಲ ತೋರಿಸಿದ:
"ಏನೇ ಮಾಡಿರ್ಲಿ ಗುರೂ, ಆದ್ರೂ ಏನ್ ಓಟ!"
ಯಾರೂ ಬೈಯಲಿಲ್ಲ. ನಾನೂ.
ಕನ್ನಡಿಯ ಮೂಲೆಯಲ್ಲಿ ಅವನ ಫೋಟೊ ಕಿತ್ತ ಜಾಗ,
ಸೀಮೆಎಣ್ಣೆ ಹಾಕಿ ಉಜ್ಜಿದರೂ ಹೋಗದ ಗೋಂದಿನ ಚೌಕ.
ಮೂರು ಸಲವೂ ಅದರೊಳಗಿಂದಲೇ ಹಾದುಹೋದ.

ಆಗ ಮುರುಗೇಶ ಬಂದ, ಗಡ್ಡಕ್ಕೆ.
ಸೆಲ್ವಿಯ ಅಣ್ಣ.
ಬೆಂಚಿನವರ ಕಾಲೆಲ್ಲ ಒಮ್ಮೆಗೇ ಒಳಸರಿದವು.
ರಿಮೋಟು ಪೌಡರ್ ಡಬ್ಬದ ಹಿಂದಿಲ್ಲ, ಟವೆಲ್ಲಿನಡಿ ಇಲ್ಲ,
ದೇವರ ಪಟದ ಪಕ್ಕವೂ ಇಲ್ಲ.
ಅವನು ಕೂತ. ನೊರೆ ಹಚ್ಚಿದೆ.
ಕತ್ತಿ ಗಂಟಲ ಮೇಲಿಟ್ಟ ಗಳಿಗೆಗೇ
ದನಿಯೊಂದು, ನಮ್ಮೂರಿನದಲ್ಲದ ಕನ್ನಡದಲ್ಲಿ,
ಅವಳನ್ನು "ಆ ಯುವತಿ" ಎಂದಿತು.
ಅಲಗಿನ ಕೆಳಗೆ ಅವನ ಗಂಟಲು ಏರಿ ಇಳಿಯಿತು.
ಮೂವತ್ತು ವರ್ಷ ಪಳಗಿದ ಕೈ ನನ್ನದು, ನಿಂತುಬಿಟ್ಟಿತು.

"ಆರಿಸಬೇಡಣ್ಣ," ಅಂದ.
"ಮುಂದೆ ಒಂದ್ ವೀಡಿಯೊ ಬರ್ತದಂತೆ, ಹಾಸ್ಟೆಲ್ ಹುಡುಗೀರು ಕೊಟ್ಟಿದ್ದು.
ನಮ್ಮತ್ರ ಅದಿಲ್ಲ."

ಬಂತು. ಕ್ರೀಡಾಂಗಣದ ಮೆಟ್ಟಿಲು.
ಸೆಲ್ವಿ ಬಾಯಲ್ಲಿ ಹೇರ್‌ಪಿನ್ ಕಚ್ಚಿಕೊಂಡು ಲೇಸು ಕಟ್ಟುತ್ತ
ಕ್ಯಾಮೆರಾ ಹಿಡಿದವಳಿಗೆ ಏನೋ ಬೈಯುತ್ತಾಳೆ;
ಬೈಗುಳದ ಮೇಲೆ ಪಿಟೀಲು ಹಾಕಿದ್ದಾರೆ, ಕೇಳಿಸದು.
"ನಿಲ್ಸು," ಅಂದ. ಹುಡುಗ ನಿಲ್ಲಿಸಿದ.
ಅವಳ ಮುಖದ ನಡುವೆ ಎರಡು ಬಿಳಿ ಕಡ್ಡಿ.
"ಮಚ್ಚೆ ಆ ಕಡೆ ಇರ್ಲಿಲ್ಲ ಅವಳಿಗೆ.
ತಿರುಗಿಸಣ್ಣ."

ತಿರುಗಿಸಿದೆ ಕುರ್ಚಿ.
ಇಷ್ಟು ವರ್ಷದಲ್ಲಿ ಮೊದಲ ಬಾರಿ ಒಬ್ಬ ಗಿರಾಕಿ
ನನ್ನ ಕನ್ನಡಿಗೆ ಬೆನ್ನು ಹಾಕಿ ಕೂತ.
ಕಡ್ಡಿಗಳು ತಾವಾಗೇ ಮಾಯವಾದವು.
ಮಚ್ಚೆ ಎಡಗೆನ್ನೆಗೆ ಬಂತು.
ಅವಳ ಕೆಳಗೆ, ಗುಂಪು ಫೋಟೊಕ್ಕೆ ಕೂತವರ ಹಾಗೆ,
ಇಮ್ತಿಯಾಜ್, ರುದ್ರೇಶಿ, ಮೇಷ್ಟ್ರು, ಹುಡುಗ.
ಅವನು ಅವರನ್ನು ನೋಡಲಿಲ್ಲ.
ಅರ್ಧ ಮುಖದಲ್ಲಿ ನೊರೆ ಒಣಗಿ ಬಿರಿಯುತ್ತಿತ್ತು.

ಗಡ್ಡಕ್ಕೆ ಐವತ್ತು. ಬೇಡವೆಂದರೂ ಇಟ್ಟುಹೋದ.

ಹುಡುಗ ಮತ್ತೆ ಒತ್ತಲಿಲ್ಲ.
ಫ್ಯಾನಿನ ಸದ್ದೊಂದೇ, ಬಹಳ ಹೊತ್ತು.
ಆಮೇಲೆ ರುದ್ರೇಶಿ, ಯಾರಿಗೂ ಅಲ್ಲ ಎಂಬಂತೆ:
"ಆ ಹುಡುಗೀನೂ ನನ್ನ ಬಸ್ಸಿಗೇ ಬರ್ತಿತ್ತು.
ಟಿಕೆಟ್ ತಗೊಂಡು."