ಸೊನ್ನೆ ಟಿಕೀಟು

ಖಾನಾಪುರ ಸ್ಟ್ಯಾಂಡಿನ್ಯಾಗ ಹತ್ತಿದಾಕಿ
ಆಧಾರ ಕಾರ್ಡು ತೋರಿಸಿ, ಸೊನ್ನೆ ಟಿಕೀಟು ಮಡಚಿ
ಬಳಿಯೊಳಗ ಸಿಗಿಸಿಕೊಂಡು ಕೇಳಿದ್ಲು:
"ಯಾಕವಾ ಇಷ್ಟು ತ್ರಾಸು ತಗೊಂಡು ಬೆಳಸ್ತಿ?
ನಿಮ್ಮಂದಿಗೆ ಗಿಡ್ಡ ಇದ್ರನ ಛಂದ."

ಟಿಕೀಟು ಪುಕ್ಕಟ.
ಪ್ರಶ್ನೆನೂ ಪುಕ್ಕಟ ಅಂತ ತಿಳದಾಳ ಪಾಪ.
ಸೀಟಿ ಊದಿದೆ. ರೈಟ್.

ನಿಮ್ಮಂದಿ ಅಂದ್ರ ಸಿದ್ದಿಗಳು.
ಗುಂಜಿ ಆಚೆ, ಅಡವಿ ಅಂಚಿಗೆ ಹನ್ನೊಂದು ಮನಿ.
ಯಾವ ಹಡಗದಾಗ ಬಂದ್ವಿ ಅಂತ ಕೇಳಿದ್ರ ನಮ್ಮ ಆಜಿ
"ನಾ ಎಲ್ಲಿಂದೂ ಬಂದಿಲ್ಲ, ಇಲ್ಲೇ ಹುಟ್ಟೀನಿ" ಅಂತ ಬೈತಿದ್ಲು.

ಒಣಗಿದ್ರ ಕಿವಿ ಮಟ, ತೊಯ್ದ್ರ ಸೊಂಟದ ಮಟ.
ನಡುವಿನ ಆ ದಾರಿ ಐತವಾರ ಮುಂಜಾನೆ
ಬಚ್ಚಲದಾಗ ನಾ ಒಬ್ಬಾಕಿನ ನಡೀತೀನಿ.
ದಾಸವಾಳದ ಎಲಿ ಹಿಚಕಿ ಹಿಚಕಿ ಲೋಳಿ ಮಾಡಿ
ತುದಿಯಿಂದ ಬಿಡಸ್ಕೋತ ಬರಬೇಕು, ಬುಡದಿಂದಲ್ಲ.
ಬುಡದಿಂದ ಎಳದು ಎಷ್ಟು ಹಣಗಿ ಮುರದಾವೋ!
ಪಾಸ್ಕು ಕಾಕಾ ಬಿದಿರಿನ್ಯಾಗ ಕೆತ್ತಿಕೊಟ್ಟ
ಏಳು ಹಲ್ಲಿಂದು ಒಂದ ಉಳದೈತಿ.

ನಾಲ್ಕನೇತ್ತ್ಯಾಗ ಹಿಂದಿನ ಸಾಲಿನ ಹುಡುಗ್ರು
ನನ್ನ ತಲ್ಯಾಗ ಬಳಪದ ಚೂರು ಸಿಗಸ್ತಿದ್ರು.
ಮನಿಗೆ ಬಂದು ಝಾಡಿಸಿದ್ರ ಒಂದಿನ
ಹದಿನಾಲ್ಕು.
ತಮ್ಮ ಅವನ್ನ ಆರಿಸಿಕೊಂಡು ಮಗ್ಗಿ ಬರದ.
ಮುಂದ ಹೆಡ್‌ಬಾಯಾರು ಹೇನು ಅಂತ ಹೇಳಿ
ಕತ್ತರಿ ಹಾಕಿದ್ರು.
ಯಾರೂ ನನ್ನ ಕೇಳಲಿಲ್ಲ, ಅದಕ್ಕ ಈಗ ಬರೀತೀನಿ:
ಹೇನಿರಲಿಲ್ಲ.

ಅಕ್ಕನ ಲಗ್ನಕ್ಕ ಒಮ್ಮೆ ಟಿಳಕವಾಡಿ ಪಾರ್ಲರಿನ್ಯಾಗ
ನಾಲ್ಕು ಸಾವಿರ ಕೊಟ್ಟು ನೆಟ್ಟಗ ಮಾಡಿಸಿದೆ.
ನೆತ್ತಿ ಉರದು ಕಣ್ಣಾಗ ನೀರು ಬಂತು.
ಫೋಟೋದಾಗ ಯಾರೋ ನಿಂತಾಳ, ನಗತಾಳ.
ಮುಡಿಸಿದ ಮಲ್ಲಿಗಿ ಜಾರಿ ಜಾರಿ ಬೀಳ್ತಿತ್ತು,
ಅವತ್ತ ಮೊದಲ ಸಲ.

ಖರೇ ಕಾರಣ ಹೇಳ್ಲೇನು ಆಕಿಗೆ?
ನಮ್ಮ ಆಯಿ ನೆತ್ತಿ ನೋಡೀರೇನು ನೀವು?
ರೊಟ್ಟಿಯಷ್ಟು ಅಗಲ ಬೋಳು.
ಮೂವತ್ತು ವರ್ಷ ಸಿಂಬಿ ತಿಂದ ಜಾಗಾ,
ಕಟಿಗಿ ಹೊರಿ ಹೊತ್ತು ಲೋಂಡಾ ಮಟ ನಡದು
ನಮಗ ಅಕ್ಕಿ ತಂದ ಜಾಗಾ.
ಸೆರಗು ಸರಿದ್ರ ಇವತ್ತಿಗೂ ಥಟ್ಟನ ಕೈ ಇಡ್ತಾಳ.
ನನ್ನ ಚೀಲ ಹೆಗಲಿಗೆ. ತಲಿಮ್ಯಾಲ ಏನೂ ಇಲ್ಲ.
ಆಯಿಗೆ ಬೋಳಾದ ಜಾಗಾದಾಗ
ನನಗ ಎಲ್ಲಕ್ಕಿಂತ ದಟ್ಟ ಐತಿ.
ರಾತ್ರಿ ಎಣ್ಣಿ ಹಚ್ಚೂ ಮುಂದ
ಆಕಿ ಬೆರಳು ಅಲ್ಲೇ ಭಾಳ ಹೊತ್ತು ನಿಲ್ತಾವ.
ಆಕಿ ಏನೂ ಹೇಳಂಗಿಲ್ಲ. ನಾನೂ ಕೇಳಂಗಿಲ್ಲ.

ಇದೂ ಪೂರಾ ಖರೆ ಅಲ್ಲ ಬಿಡ್ರಿ.
ಡಿಪೋದ ಒಡಕ ಕನ್ನಡ್ಯಾಗ
ಜಡಿ ಭುಜದ ಮ್ಯಾಲ ಬಂದು ಕುಂತದ್ದು ಕಂಡ್ರ
ಸುಮ್ಮನ ಖುಷಿ ಆಗತೈತಿ.
ಸುಮ್ಮನ ಅಂದ್ರ ಸುಮ್ಮನ.
ಅದಕ್ಕ ಆಯಿನೂ ಬ್ಯಾಡ, ಆಜಿನೂ ಬ್ಯಾಡ,
ಹಡಗಂತೂ ಬ್ಯಾಡ.

ದೇಸೂರು ಆತು. ಮಚ್ಛೆ ಆತು.
ಪಿರಣವಾಡ್ಯಾಗ ಆಕಿ ಎದ್ದು ನಿಂತ್ಲು,
ಇಳಿಯೂ ಮುಂದ ಕೈ ಎತ್ತಿದ್ಲು, "ಹೆಂಗೈತಿ ನೋಡೂಣು" ಅಂತ.
ನಾ ತಲಿ ಹಿಂದಕ್ಕ ಸರಿಸಿದೆ.
"ಲಗೂ ಇಳೀರಿ ಅಕ್ಕಾರ, ಹಿಂದ ಮಂದಿ ಅದಾರ."

ಮುಂದ ಉದ್ಯಮಬಾಗ ಹಂಪು.
ಡ್ರೈವರ್ ಯಲ್ಲೋಜಿ ನೋಡದನ ಹಾರಿಸಿದ.
ಮ್ಯಾಲಿನ ಗಂಟು ಬಿತ್ತು, ಯಾರದೋ ಡಬ್ಬಿ ಉಳ್ಳಿತು,
ಒಬ್ಬ ಮುದುಕ ದೇವರನ್ನೂ ಯಲ್ಲೋಜಿನ್ನೂ ಕೂಡೇ ಬೈದ.
ಸ್ಟೇಜು ಬರಿಯಾಕ ನಾ ಕೈ ಎತ್ತಿದೆ,
ಮುಂಜಾನೆ ಆರಕ್ಕ ಕೂದಲಾಗ ಸಿಗಿಸಿದ್ದ ಪೆನ್ನು
ಸಿಗಿಸಿದಲ್ಲೇ ಇತ್ತು.